ಬ್ಯಾಂಡ್ ಒಡೆಯುತ್ತಿದೆಯೇ? ಮೊದಲು ಕೇಬಲ್ ನೋಡಿ

ಬೆಂಗಳೂರಿನಲ್ಲಿ ಲೈವ್ ಸೌಂಡ್ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಸ್ಪೀಕರ್‌ನಲ್ಲಿ 'ಗುಂಯ್' ಎಂದು ಹಮ್ ಬಂದರೆ, ಹೊಸದಾಗಿ ಸೇರಿದ ಹುಡುಗರು ನೇರವಾಗಿ ಆಂಪ್ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಬಿಚ್ಚಲು ಹೋಗುತ್ತಾರೆ. ಸದ್ದು ಅಲ್ಲಿಂದಲೇ ಬರುತ್ತಿದೆಯಲ್ಲ! ಅನುಭವ ಇರುವವರು ಮೊದಲು ಕೇಬಲ್ ಬದಲಾಯಿಸಿ ನೋಡುತ್ತಾರೆ. ಆಮೇಲೆ ಜ್ಯಾಕ್. ಆಮೇಲೆ ಅರ್ತಿಂಗ್. ಆಂಪ್ ಬಿಚ್ಚುವುದು ಕಟ್ಟಕಡೆಯ ಕೆಲಸ.

ಬ್ಯಾಂಡ್ ಒಡೆದಾಗ ನಾವು ಮಾಡುವ ತಪ್ಪೂ ಇದೇ. "ಎಲ್ಲಾ ಈಗೋ" ಎಂದು ಹೇಳಿ ಮುಗಿಸುತ್ತೇವೆ. ಪತ್ರಿಕೆಗೆ ಕೊಡುವ ಹೇಳಿಕೆಯಲ್ಲಿ "ಸಂಗೀತದ ವಿಷಯದಲ್ಲಿ ಭಿನ್ನಾಭಿಪ್ರಾಯ" ಎಂದು ಬರುತ್ತದೆ. ಇವೆರಡೂ ನಮಗೆ ಕೇಳಿಸುವ ಸದ್ದು ಅಷ್ಟೇ. ಈಗೋ ಇಲ್ಲದವರು ಹತ್ತು ಸಾವಿರ ಜನರ ಮುಂದೆ ನಿಂತು ಹಾಡುವುದೇ ಕಷ್ಟ. ಮೊದಲ ದಿನವೂ ಅದೇ ಈಗೋ ಇತ್ತು, ಅದೇ ಜನ ಇದ್ದರು, ಆಗ ತಂಡ ಚೆನ್ನಾಗಿಯೇ ನಡೆಯಿತು. ಹಾಗಾದರೆ ಮಧ್ಯದಲ್ಲಿ ಕೆಟ್ಟಿದ್ದು ಏನು? ಅದನ್ನು ಹುಡುಕುವ ದಾರಿ ಇಲ್ಲಿದೆ. ಈಗ ಬ್ಯಾಂಡ್ ಇಟ್ಟುಕೊಂಡಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳನ್ನು ಮಾತ್ರ ಇಂಗ್ಲೆಂಡ್, ಐರ್ಲೆಂಡ್, ಅಮೆರಿಕದ ದೊಡ್ಡ ತಂಡಗಳಿಂದ ತೆಗೆದುಕೊಂಡಿದ್ದೇನೆ. ಅವರ ಜಗಳಗಳೆಲ್ಲ ಕೋರ್ಟಿನಲ್ಲಿ, ದಾಖಲೆಗಳಲ್ಲಿ ಉಳಿದಿವೆ. ಹಾಗಾಗಿ ಬಿಚ್ಚಿ ನೋಡಬಹುದು.

ಮಿಕ್ಸರ್ ಹಿಂದೆ ನಿಂತವರಿಗೆ ಕಾಣುವ ಲಕ್ಷಣಗಳು

ತಂಡದವರಿಗಿಂತ ಮೊದಲೇ ನಮಗೆ ಗೊತ್ತಾಗುತ್ತದೆ. ಕಾರ್ಯಕ್ರಮಕ್ಕೆ ಮೊದಲು ಸದ್ದು ಸರಿಮಾಡುವ ಸೌಂಡ್‌ಚೆಕ್‌ನಲ್ಲಿ ಗಿಟಾರ್ ನುಡಿಸುವವನು "ಮಾನಿಟರ್‌ನಲ್ಲಿ ನನ್ನದು ಜಾಸ್ತಿ ಕೊಡಿ" ಎನ್ನುತ್ತಾನೆ. ಮಾನಿಟರ್ ಎಂದರೆ ನುಡಿಸುವವರಿಗೇ ಕೇಳಿಸಲು ವೇದಿಕೆಯ ಮೇಲೆ ಇಡುವ ಸ್ಪೀಕರ್. ಕೊಟ್ಟ ಕೂಡಲೇ ಹಾಡುವವನು ತನ್ನದನ್ನು ಜಾಸ್ತಿ ಕೇಳುತ್ತಾನೆ. ಆಮೇಲೆ ಬಾಸ್ ಗಿಟಾರ್‌ನವನು. ಹೀಗೆ ಮೂರು ಸುತ್ತು ಆದರೆ ಅದು ಕಿವಿಯ ತೊಂದರೆ ಅಲ್ಲ. ಎರಡನೆಯ ಲಕ್ಷಣ: ಪಕ್ಕದಲ್ಲೇ ನಿಂತಿರುವವನಿಗೆ ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿಸುತ್ತಾರೆ. "ಅವನಿಗೆ ಸ್ವಲ್ಪ ಕಮ್ಮಿ ಮಾಡಲು ಹೇಳಿ ಸರ್." ಮೂರನೆಯದು, ಒಬ್ಬೊಬ್ಬರೂ ಬೇರೆ ಬೇರೆ ಗಾಡಿಯಲ್ಲಿ ಬರುವುದು. ನಾಲ್ಕನೆಯದು ಬಹಳ ಸೂಕ್ಷ್ಮ. ಹೊಸ ಹಾಡು ತಯಾರಾಗಿರುತ್ತದೆ, ಆದರೆ ಅದು ಯಾರ ಹಾಡು ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ.

ಇವುಗಳಲ್ಲಿ ಎರಡು ಕಂಡರೂ ಕೆಳಗಿನ ತಪಾಸಣೆ ಶುರು ಮಾಡಿ. ಕ್ರಮ ಮುಖ್ಯ. ಸುಲಭವಾಗಿ ಸರಿಯಾಗುವ ದೋಷದಿಂದ ಆರಂಭಿಸಬೇಕು.

ಮೊದಲ ತಪಾಸಣೆ: ಇದು ಜಗಳವೋ, ದಣಿವೋ?

ಅಮೆರಿಕದ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ 1969ರ ಒಂದೇ ವರ್ಷದಲ್ಲಿ ಮೂರು ಆಲ್ಬಂ ತಂದಿತು. ಅದರ ಜೊತೆಗೆ ಊರೂರು ತಿರುಗಾಟ. ಬೀಟಲ್ಸ್ 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಕಾರ್ಯಕ್ರಮದ ನಂತರ ಪ್ರವಾಸವನ್ನೇ ನಿಲ್ಲಿಸಿದರು. ಜನರ ಕಿರುಚಾಟದಲ್ಲಿ ಅವರ ವಾದ್ಯ ಅವರಿಗೇ ಕೇಳಿಸುತ್ತಿರಲಿಲ್ಲ. ನಿಲ್ಲಿಸಿದ ಮೇಲೆ ಅವರ ಒಳ್ಳೆಯ ಕೆಲಸ ಎಷ್ಟೋ ಬಂತು.

ಪರೀಕ್ಷೆ ಸುಲಭ. ಆರು ವಾರ ಗಿಗ್ (ಕಾರ್ಯಕ್ರಮ) ಇಲ್ಲ, ಜ್ಯಾಮ್ ರೂಮ್ (ಅಭ್ಯಾಸದ ಕೋಣೆ) ಇಲ್ಲ, ವಾಟ್ಸಾಪ್ ಗುಂಪಿನಲ್ಲಿ ತಂಡದ ಮಾತಿಲ್ಲ. ಆಮೇಲೆ ಭೇಟಿಯಾದಾಗ ಹಳೆಯ ಕೋಪ ಅರ್ಧ ಇಳಿದಿದ್ದರೆ ಅದು ದಣಿವು. ಹಾಗೇ ಇದ್ದರೆ ಮುಂದೆ ಹೋಗಿ.

ಎರಡನೆಯ ತಪಾಸಣೆ: ಪಾಲಿನ ಲೆಕ್ಕ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಹಮ್ ಬರುವುದು ಈ ಕೇಬಲ್‌ನಿಂದ.

ಒಂದು ರೆಕಾರ್ಡ್‌ನಲ್ಲಿ ಎರಡು ಆಸ್ತಿ ಇರುತ್ತವೆ. ಒಂದು ಹಾಡು, ಅಂದರೆ ಅದರ ಮಾತು ಮತ್ತು ಮಟ್ಟು. ಇನ್ನೊಂದು, ಆ ಹಾಡನ್ನು ನುಡಿಸಿ ಮಾಡಿದ ರೆಕಾರ್ಡಿಂಗ್. ರೆಕಾರ್ಡಿಂಗ್‌ನ ರಾಯಲ್ಟಿ, ಅಂದರೆ ಅದರ ಮಾರಾಟ, ಬಳಕೆಯಿಂದ ಸಿಗುವ ದುಡ್ಡು, ತಂಡಕ್ಕೆಲ್ಲ ಬರುತ್ತದೆ. ಅದೂ ಕಂಪನಿ ಕೊಟ್ಟ ಮುಂಗಡ, ಸ್ಟುಡಿಯೋ ಖರ್ಚು ಎಲ್ಲ ಮುರಿದುಕೊಂಡ ಮೇಲೆ. ಹಾಡಿನ ರಾಯಲ್ಟಿ ಹಾಗಲ್ಲ. ಅದು ಹಾಡು ಬರೆದವರ ಹೆಸರಿಗೆ ಬೇರೆಯಾಗಿ ಹೋಗುತ್ತದೆ. ಬೇರೆ ಯಾರೋ ಆ ಹಾಡು ಹಾಡಿದರೂ ಬರೆದವರಿಗೆ ದುಡ್ಡು. ಸಿನಿಮಾದಲ್ಲಿ ಹಾಕಿದರೂ ದುಡ್ಡು. ಅಮೆರಿಕದ ಎಫ್‌ಎಂ ರೇಡಿಯೋಗಳಲ್ಲಿ ಹಾಡು ಬಂದರೆ ಬರೆದವರಿಗೆ ಮಾತ್ರ ಸಿಗುತ್ತದೆ. ನುಡಿಸಿದವರಿಗೆ ಏನೂ ಇಲ್ಲ.

ಈಗ ಒಂದು ಜ್ಯಾಮ್ ರೂಮ್ ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ನಾಲ್ಕು ಸಾಲು, ಒಂದು ಮಟ್ಟು ತರುತ್ತಾನೆ. ಇನ್ನೊಬ್ಬ ಅದಕ್ಕೆ ಎಲ್ಲರೂ ಗುನುಗುವಂಥ ಗಿಟಾರ್ ತುಣುಕು ಸೇರಿಸುತ್ತಾನೆ. ಡ್ರಮ್ಸ್‌ನವನು ತಾಳವನ್ನೇ ಬದಲಿಸಿ ಹಾಡಿಗೆ ಜೀವ ಕೊಡುತ್ತಾನೆ. ಹಾಡು ಗೆಲ್ಲುತ್ತದೆ. ಕವರ್ ಮೇಲೆ ಒಂದೇ ಹೆಸರು. ಐದು ವರ್ಷ ಕಳೆದ ಮೇಲೆ ಒಬ್ಬನ ಹತ್ತಿರ ತೋಟದ ಮನೆ ಇದೆ, ಮಿಕ್ಕವರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಎಲ್ಲರೂ ಒಂದೇ ಬಸ್ಸಿನಲ್ಲಿ ಪ್ರವಾಸ ಹೋಗುತ್ತಾರೆ. ಈ ಬಸ್ಸಿನೊಳಗೆ ಮುಂದೆ ಏಳುವ ಜಗಳಕ್ಕೆ ಈಗೋ ಎಂದು ಹೆಸರಿಡುವುದು ನನಗೆ ಸರಿ ಕಾಣುವುದಿಲ್ಲ.

ಕ್ವೀನ್ ತಂಡದ ಕಥೆ ನೋಡಿ. 1975ರಲ್ಲಿ ಫ್ರೆಡಿ ಮರ್ಕ್ಯುರಿ ಬರೆದ 'ಬೊಹೀಮಿಯನ್ ರಾಪ್ಸಡಿ' ಬಂತು. ಅದೇ ರೆಕಾರ್ಡ್ ತಟ್ಟೆಯ ಹಿಂಬದಿಯಲ್ಲಿ ಡ್ರಮ್ಮರ್ ರೋಜರ್ ಟೇಲರ್ ಬರೆದ, ತನ್ನ ಕಾರನ್ನು ಪ್ರೀತಿಸುವವನ ಹಾಡು ಇತ್ತು. ಜನ ಕೊಂಡಿದ್ದು ಮುಂಬದಿಯ ಹಾಡಿಗಾಗಿ. ಆದರೆ ತಟ್ಟೆ ಒಂದೇ ಆದ್ದರಿಂದ, ಮಾರಾಟದ ರಾಯಲ್ಟಿ ಎರಡೂ ಹಾಡಿಗೆ ಸಮವಾಗಿ ಹೋಯಿತು. ಈ ವಿಷಯ ತಂಡದೊಳಗೆ ವರ್ಷಗಟ್ಟಲೆ ಚುಚ್ಚುತ್ತಾ ಇತ್ತು. ಯಾವ ಹಾಡು ಸಿಂಗಲ್ (ಬಿಡಿಯಾಗಿ ಮಾರುವ ತಟ್ಟೆಯ ಮುಂಬದಿಯ ಹಾಡು) ಆಗಬೇಕು, ಯಾವುದು ಹಿಂಬದಿಗೆ ಹೋಗಬೇಕು ಎಂಬ ಪ್ರತಿಯೊಂದು ಚರ್ಚೆಯ ಒಳಗೂ ದುಡ್ಡಿನ ಮಾತು ಸೇರಿಕೊಂಡಿತು. ಕೊನೆಗೆ 1989ರ 'ದಿ ಮಿರಾಕಲ್' ಆಲ್ಬಂನಲ್ಲಿ ಎಲ್ಲ ಹಾಡನ್ನೂ 'ಕ್ವೀನ್' ಎಂಬ ಒಂದೇ ಹೆಸರಿಗೆ ಬರೆದರು. ಯಾರು ತಂದ ಹಾಡಾದರೂ ನಾಲ್ಕು ಪಾಲು. ಒಳ್ಳೆಯ ಹಾಡು ಯಾವುದು ಎಂದು ಯೋಚಿಸಲು ಆಗ ದಾರಿ ತೆರೆಯಿತು.

ಯು2 ತಂಡ ಸಂಗೀತವನ್ನು ತಂಡದ ಹೆಸರಿಗೇ ಬರೆಯುತ್ತಾ ಬಂದಿದೆ. ಆರ್‌ಇಎಂ ಕೂಡ ಹಾಗೆಯೇ, ಯಾವ ಹಾಡಿಗಾದರೂ ನಾಲ್ಕೂ ಜನರ ಹೆಸರು. ಇವು ದಶಕಗಟ್ಟಲೆ ಉಳಿದ ತಂಡಗಳು. ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಇದು ಇಲ್ಲದಿದ್ದರೆ ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ದಿ ಸ್ಮಿತ್ಸ್ ತಂಡದ ಕೇಸು ಸಾಕು. ಅಲ್ಲಿ ಹಾಡು ಬರೆಯುತ್ತಿದ್ದವರು ಮಾರಿಸ್ಸಿ ಮತ್ತು ಜಾನಿ ಮಾರ್. ಹಾಡಿನ ರಾಯಲ್ಟಿ ಅವರಿಬ್ಬರಿಗೆ ಹೋಗುವುದರ ಬಗ್ಗೆ ತಕರಾರೇ ಇರಲಿಲ್ಲ. ತಕರಾರು ಬಂದಿದ್ದು ರೆಕಾರ್ಡಿಂಗ್ ಮತ್ತು ಕಾರ್ಯಕ್ರಮಗಳ ದುಡ್ಡಿಗೆ. ಅದರಲ್ಲೂ ಅವರಿಬ್ಬರು ಶೇಕಡಾ 40ರಂತೆ ತೆಗೆದುಕೊಂಡು, ಬಾಸ್ ಮತ್ತು ಡ್ರಮ್ಸ್‌ನವರಿಗೆ ಶೇಕಡಾ 10ರಂತೆ ಕೊಡುತ್ತಿದ್ದರು. ಇದಕ್ಕೆ ಕಾಗದ ಪತ್ರ ಇರಲಿಲ್ಲ. ತಂಡ 1987ರಲ್ಲಿ ಮುಗಿಯಿತು. ಡ್ರಮ್ಮರ್ ಮೈಕ್ ಜಾಯ್ಸ್ ಕೋರ್ಟಿಗೆ ಹೋದರು. 1996ರಲ್ಲಿ ಲಂಡನ್‌ನ ಹೈಕೋರ್ಟ್ ಅವರಿಗೆ ನಾಲ್ಕನೇ ಒಂದು ಪಾಲು ಕೊಟ್ಟಿತು. ಕಾರಣ ಸರಳ. ಬ್ರಿಟನ್ನಿನ 1890ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇದೆ ಎಂದು ತೋರಿಸದಿದ್ದರೆ ಪಾಲುದಾರರೆಲ್ಲ ಸಮಾನರು.

ನಮ್ಮ ಹುಡುಗರು ಇದನ್ನು ಗಮನವಿಟ್ಟು ಓದಬೇಕು. ಭಾರತದ 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಇದೇ ನಿಯಮ ಇದೆ. ಬರಹದಲ್ಲಿ, ಮಾತಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು.

ನನ್ನ ಕಣ್ಣೆದುರೇ ನಡೆದದ್ದೊಂದನ್ನು ಹೇಳುತ್ತೇನೆ. ತಂಡದ ಹೆಸರು ಬೇಡ. ನಾಲ್ಕು ಜನ, ಕಾಲೇಜಿನಿಂದಲೂ ಜೊತೆ. ಅವರ ಒಂದು ಹಾಡನ್ನು ಜನ ಕೇಳಿ ಕೇಳಿ ಹಾಡಿಸುತ್ತಿದ್ದರು. ಆ ಹಾಡು ಶುರುವಾಗುತ್ತಿದ್ದದ್ದೇ ಬಾಸ್‌ನಿಂದ. ಎರಡು ಸ್ವರ ಬಿದ್ದ ಕೂಡಲೇ ಜನ ಕೂಗುತ್ತಿದ್ದರು. ಸಿಡಿ ಬಂದಾಗ ಕವರ್ ಮೇಲೆ ಹಾಡುವವನ ಹೆಸರು ಮಾತ್ರ ಇತ್ತು. ಬಾಸ್‌ನವನು ಏನೂ ಹೇಳಲಿಲ್ಲ. ಆದರೆ ಆಮೇಲೆ ಆರು ತಿಂಗಳು ಪ್ರತಿ ಸೌಂಡ್‌ಚೆಕ್‌ನಲ್ಲೂ "ನನ್ನ ಬಾಸ್ ಕೇಳಿಸುತ್ತಿಲ್ಲ" ಎನ್ನುತ್ತಿದ್ದ. ನಾನು ಲೆವೆಲ್ ಏರಿಸುತ್ತಲೇ ಇದ್ದೆ. ಒಂದು ರಾತ್ರಿ ಗಿಗ್ ಮುಗಿಸಿ ಟೀ ಕುಡಿಯುವಾಗ ಆ ಕವರ್ ವಿಷಯ ಬಾಯಿಬಿಟ್ಟ. ಅಷ್ಟರಲ್ಲಿ ತಡವಾಗಿತ್ತು. ಎರಡು ತಿಂಗಳಲ್ಲಿ ತಂಡ ಮುಗಿಯಿತು. ಎಲ್ಲರೂ ಹೇಳಿದ್ದು ಒಂದೇ: ಸಂಗೀತದ ವಿಷಯದಲ್ಲಿ ಭಿನ್ನಾಭಿಪ್ರಾಯ. ಆ ಹಾಡು ಇವತ್ತಿಗೂ ನನ್ನ ತಲೆಯಲ್ಲಿ ಓಡುತ್ತದೆ. ಆ ಬಾಸ್ ಇಲ್ಲದೆ ಅದನ್ನು ನೆನೆಸಿಕೊಳ್ಳುವುದೂ ನನಗೆ ಆಗುವುದಿಲ್ಲ.

ರಿಪೇರಿ: ಹಾಡು ಮುಗಿದ ದಿನವೇ, ಜ್ಯಾಮ್ ರೂಮ್ ಬಿಡುವ ಮೊದಲು, ಒಂದು ಹಾಳೆಯಲ್ಲಿ ಬರೆಯಿರಿ. ಮಾತು ಯಾರದು, ಮಟ್ಟು ಯಾರದು, ಯಾರಿಗೆ ಶೇಕಡಾ ಎಷ್ಟು. ನಾಲ್ಕು ಸಹಿ, ತಾರೀಖು. ಮುಂದೆ ಹಾಡು ಬರೆದವರಿಗೆ ರಾಯಲ್ಟಿ ಸಂಗ್ರಹಿಸಿ ಕೊಡುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಹಾಡು ನೋಂದಾಯಿಸುವಾಗಲೂ ಈ ಪಾಲಿನ ಲೆಕ್ಕವನ್ನೇ ಕೊಡಬೇಕಾಗುತ್ತದೆ. ಹಾಡಿಗೆ ಇನ್ನೂ ಬೆಲೆ ಬಾರದಿರುವಾಗ ಪಾಲು ಮಾತಾಡುವುದು ಸುಲಭ. ಬೆಲೆ ಬಂದ ಮೇಲೆ ಅದು ಮನೆ ಪಾಲು ಮಾಡಿದ ಹಾಗೆ. ಪಾಲುಪಟ್ಟಿ ಬರೆಯಲು ಕೂತರೆ ಹಳೆಯದೆಲ್ಲ ಎದ್ದು ಬರುತ್ತದೆ.

ಮೂರನೆಯ ತಪಾಸಣೆ: ಹಾಡು ಬರೆಯುವ ಎರಡನೆಯವನಿಗೆ ಜಾಗ ಇದೆಯೇ?

ಬಹಳ ತಂಡಗಳಲ್ಲಿ ಬರೆಯುವವನು ಒಬ್ಬ ಇರುತ್ತಾನೆ, ಅಥವಾ ಒಂದು ಜೋಡಿ ಇರುತ್ತದೆ. ಮಿಕ್ಕವರು ನುಡಿಸುತ್ತಾರೆ. ಇದು ದೋಷವಲ್ಲ. ದೋಷ ಶುರುವಾಗುವುದು, ಪಕ್ಕದಲ್ಲಿ ನಿಂತು ಹತ್ತು ವರ್ಷ ನೋಡಿ ಕಲಿತವನು ತಾನೂ ಬರೆಯಲು ತೊಡಗಿದಾಗ.

ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಹ್ಯಾರಿಸನ್‌ಗೆ ಬೀಟಲ್ಸ್ ಆಲ್ಬಂಗಳಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಹಾಡಿನ ಜಾಗ ಸಿಗುತ್ತಿತ್ತು. ತಂಡದ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಅಷ್ಟು ದೊಡ್ಡ ಬರಹಗಾರರು. ಆದರೆ ಜಾರ್ಜ್ ಹತ್ತಿರ ಹಾಡುಗಳು ರಾಶಿ ಬೀಳುತ್ತಾ ಹೋದವು. 1969ರ ಜನವರಿಯಲ್ಲಿ ಟ್ವಿಕನ್‌ಹ್ಯಾಮ್‌ನ ಸಿನಿಮಾ ಸ್ಟುಡಿಯೋದಲ್ಲಿ, ಕ್ಯಾಮೆರಾ ಓಡುತ್ತಿರುವಾಗಲೇ, ಅವರು 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಹಾಡನ್ನು ಮುಂದಿಟ್ಟರು. ಅದು ಬೀಟಲ್ಸ್ ಆಲ್ಬಂಗೆ ಸೇರಲೇ ಇಲ್ಲ. ಜನವರಿ 10ರಂದು ಜಾರ್ಜ್ ಎದ್ದು ಹೋದರು. ತಂಡ ಮುಗಿದ ವರ್ಷವೇ, 1970ರ ಕೊನೆಯಲ್ಲಿ, ಅದೇ ಹೆಸರಿನಲ್ಲಿ ಅವರ ಆಲ್ಬಂ ಬಂತು. ಒಂದಲ್ಲ, ಮೂರು ತಟ್ಟೆ. ನೀರು ಎಷ್ಟು ಒತ್ತಡದಲ್ಲಿ ನಿಂತಿತ್ತು ಎನ್ನುವುದು ಅದರಿಂದ ಗೊತ್ತಾಗುತ್ತದೆ.

ಹಾಗಾದರೆ ಎಲ್ಲರಿಗೂ ಸಮಪಾಲು ಕೊಟ್ಟುಬಿಟ್ಟರೆ ಆಯಿತೇ? ಇಲ್ಲೇ ಎಚ್ಚರ ಬೇಕು. ಕ್ರೀಡೆನ್ಸ್ ತಂಡದ ನಾಲ್ವರೂ ಕ್ಯಾಲಿಫೋರ್ನಿಯಾದ ಎಲ್ ಸೆರಿಟೋ ಊರಿನ ಹುಡುಗರು. ಶುರುವಿನಲ್ಲಿ ಹಾಡುತ್ತಿದ್ದವನು ಅಣ್ಣ ಟಾಮ್ ಫೋಗರ್ಟಿ. ಆಮೇಲೆ ತಮ್ಮ ಜಾನ್ ಮುಂದೆ ಬಂದರು. ಬರೆಯುವುದು, ಹಾಡುವುದು, ರೆಕಾರ್ಡಿಂಗ್ ನೋಡಿಕೊಳ್ಳುವುದು, ವ್ಯವಹಾರ, ಎಲ್ಲ ಅವರೇ. ಹಾಡುಗಳು ಗೆದ್ದವು, ಆದ್ದರಿಂದ ಯಾರೂ ತಪ್ಪು ಎನ್ನುವಂತಿರಲಿಲ್ಲ. 1971ರ ಆರಂಭದಲ್ಲಿ ಅಣ್ಣ ಬಿಟ್ಟು ಹೋದರು. ಆಮೇಲೆ ಜಾನ್ ಒಂದೇ ಏಟಿಗೆ ಇನ್ನೊಂದು ತುದಿಗೆ ಹೋದರು. 1972ರ 'ಮಾರ್ಡಿ ಗ್ರಾ' ಆಲ್ಬಂನಲ್ಲಿ ಉಳಿದ ಮೂವರೂ ತಮ್ಮ ತಮ್ಮ ಹಾಡು ತಾವೇ ಬರೆದು ತಾವೇ ಹಾಡಬೇಕಾಯಿತು. ಬಾಸ್ ನುಡಿಸುತ್ತಿದ್ದ ಸ್ಟೂ ಕುಕ್, ಡ್ರಮ್ಮರ್ ಡಗ್ ಕ್ಲಿಫರ್ಡ್‌ಗೆ ಬರೆದು ರೂಢಿಯೇ ಇರಲಿಲ್ಲ. ಆಲ್ಬಂಗೆ ಕೆಟ್ಟ ವಿಮರ್ಶೆ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಂಡ ಮುಗಿಯಿತು.

ವೋಲ್ಟೇಜ್ ಕಮ್ಮಿ ಇದೆ ಎಂದು ಒಮ್ಮೆಲೇ ಎರಡರಷ್ಟು ಕೊಟ್ಟರೆ ಸರ್ಕ್ಯೂಟ್ ಸುಡುತ್ತದೆ. ಬರೆಯಲು ತೊಡಗಿದವನಿಗೆ ವರ್ಷಕ್ಕೆ ಒಂದು ಹಾಡಿನ ಜಾಗ ಕೊಡಿ. ಆ ಹಾಡಿಗೆ ನಿಮ್ಮ ಹಾಡಿಗೆ ಕೊಡುವಷ್ಟೇ ಸಮಯ ಕೊಡಿ. ಅರ್ಧ ಗಂಟೆಯಲ್ಲಿ ಮುಗಿಸಿ "ಆಯ್ತು, ನಿನ್ನದೂ ಆಯ್ತು" ಎನ್ನಬೇಡಿ. ಅವರಿಗೆ ಅದು ಗೊತ್ತಾಗುತ್ತದೆ.

ಇದೇ ದೋಷದ ಇನ್ನೊಂದು ಮುಖ, ಹೊರಗಿನ ಬಾಗಿಲು ಮುಚ್ಚುವುದು. ಮೆಟಾಲಿಕಾದಲ್ಲಿ ಬಾಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ತನ್ನ ಇನ್ನೊಂದು ಸಣ್ಣ ತಂಡದ ಆಲ್ಬಂ ಹೊರತರಲು ಹೊರಟರು. ತಂಡದಲ್ಲಿ ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಒಪ್ಪಲಿಲ್ಲ. ತಂಡದ ಬಲ ಹಂಚಿಹೋಗುತ್ತದೆ ಎಂಬ ಭಯ. 2001ರ ಜನವರಿಯಲ್ಲಿ ನ್ಯೂಸ್ಟೆಡ್ ತಂಡವನ್ನೇ ಬಿಟ್ಟರು. ಒಳಗೂ ಜಾಗ ಇಲ್ಲ, ಹೊರಗೂ ಬಿಡುವುದಿಲ್ಲ ಎಂದರೆ ಯಾರು ಉಳಿಯುತ್ತಾರೆ ಹೇಳಿ.

ನಾಲ್ಕನೆಯ ತಪಾಸಣೆ: ಮಧ್ಯದ ಕುರ್ಚಿ ಖಾಲಿಯಾಗಿದೆಯೇ?

ಬೀಟಲ್ಸ್ ಒಡೆದದ್ದು ಜಾನ್ ಲೆನನ್ ಹೆಂಡತಿ ಯೋಕೋ ಓನೋ ಬಂದಿದ್ದಕ್ಕೆ ಎಂದು ಇವತ್ತಿಗೂ ಹೇಳುವವರಿದ್ದಾರೆ. ನನಗೆ ಇದನ್ನು ಕೇಳಿದಾಗಲೆಲ್ಲ ನಮ್ಮ ಊರುಗಳ ಅಣ್ಣ ತಮ್ಮಂದಿರ ಪಾಲು ನೆನಪಾಗುತ್ತದೆ. ಜಮೀನಿನ ತಕರಾರು ಹತ್ತು ವರ್ಷದಿಂದ ಇರುತ್ತದೆ, ಲೆಕ್ಕ ಯಾರೂ ಬರೆದಿರುವುದಿಲ್ಲ. ಮನೆ ಒಡೆದ ದಿನ ಮಾತ್ರ ಎಲ್ಲರ ಬೆರಳೂ ಹೊರಗಿನಿಂದ ಬಂದ ಸೊಸೆಯ ಕಡೆ ತಿರುಗುತ್ತದೆ. ಇದು ತುಂಬಾ ಅನ್ಯಾಯದ ಮಾತು.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. 1967ರ ಆಗಸ್ಟ್ 27ರಂದು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ತೀರಿಕೊಂಡರು. ನಾಲ್ವರ ಮಾತನ್ನೂ ಕೇಳುತ್ತಿದ್ದ, ನಾಲ್ವರೂ ಒಪ್ಪುತ್ತಿದ್ದ ಹಿರಿಯ ಅವರು. 1968ರ ಆಗಸ್ಟ್‌ನಲ್ಲಿ ಡ್ರಮ್ಮರ್ ರಿಂಗೋ ಸ್ಟಾರ್ ಬಿಟ್ಟು ಹೋಗಿ, ಎರಡು ವಾರದ ನಂತರ ವಾಪಸ್ ಬಂದರು. ಬಂದಾಗ ಅವರ ಡ್ರಮ್ಸ್ ಮೇಲೆ ಹೂವು ಹರಡಿಟ್ಟಿದ್ದರು. ಅಂದರೆ ಪ್ರೀತಿ ಆಗಲೂ ಇತ್ತು. 1969ರಲ್ಲಿ ಹೊಸ ಮ್ಯಾನೇಜರ್ ಯಾರಾಗಬೇಕು ಎಂಬ ಪ್ರಶ್ನೆ ಬಂತು. ಪಾಲ್‌ಗೆ ತನ್ನ ಹೆಂಡತಿಯ ತಂದೆ ಮತ್ತು ಅಣ್ಣ, ಇಬ್ಬರೂ ವಕೀಲರು, ಆಗಬೇಕಿತ್ತು. ಮಿಕ್ಕ ಮೂವರು ಅಲೆನ್ ಕ್ಲೈನ್ ಎಂಬ ಅಮೆರಿಕದ ಮ್ಯಾನೇಜರ್‌ಗೆ ಸಹಿ ಹಾಕಿದರು. ಮೂರು ಒಂದು ಕಡೆ, ಒಂದು ಒಂದು ಕಡೆ. ಅಲ್ಲಿಂದ ಮುಂದೆ ಒಂದು ಸ್ವರದ ಬಗ್ಗೆ ಜಗಳ ಬಂದರೂ ಅದರೊಳಗೆ ಈ ಸಹಿ ಇರುತ್ತಿತ್ತು. 1970ರ ಡಿಸೆಂಬರ್ 31ರಂದು ಪಾಲ್ ಪಾಲುದಾರಿಕೆ ಮುರಿಯಲು ಲಂಡನ್ ಹೈಕೋರ್ಟಿಗೆ ಹೋದರು. ಕ್ಲೈನ್‌ನಿಂದ ಬಿಡಿಸಿಕೊಳ್ಳಲು ಅವರು ತನ್ನ ಮೂವರು ಗೆಳೆಯರ ಮೇಲೇ ಕೇಸು ಹಾಕಬೇಕಾಯಿತು. ಓದುವಾಗ ಈಗಲೂ ಸಂಕಟವಾಗುತ್ತದೆ.

ಖಾಲಿ ಕುರ್ಚಿಗೆ ಯಾರಾದರೂ ಬಂದು ಕೂತರೆ ಏನಾಗುತ್ತದೆ ಎಂಬುದಕ್ಕೂ ಅಲ್ಲೇ ಸಾಕ್ಷಿ ಇದೆ. ಎದ್ದು ಹೋಗಿದ್ದ ಜಾರ್ಜ್ ವಾಪಸ್ ಬಂದ ಮೇಲೆ, 1969ರ ಜನವರಿ 22ರಂದು, ಕೀಬೋರ್ಡ್ ನುಡಿಸುವ ಬಿಲ್ಲಿ ಪ್ರೆಸ್ಟನ್ ಸ್ಟುಡಿಯೋಗೆ ಬಂದರು. ಹಳೆಯ ಪರಿಚಯ, ಒಳ್ಳೆಯ ಮನುಷ್ಯ, ಅದ್ಭುತ ವಾದಕ. ಮನೆಗೆ ನೆಂಟರು ಬಂದಾಗ ಜಗಳ ನಿಲ್ಲುತ್ತದಲ್ಲ, ಹಾಗೆ ಎಲ್ಲರೂ ಸರಿಯಾಗಿ ಕೂತು ನುಡಿಸಿದರು. ಎಂಟು ದಿನದಲ್ಲಿ, ಜನವರಿ 30ರಂದು, ಲಂಡನ್‌ನ ಸ್ಯಾವಿಲ್ ರೋ ಬೀದಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಕೊನೆಯ ಸಲ ಜನರಿಗಾಗಿ ಒಟ್ಟಿಗೆ ನುಡಿಸಿದರು.

ಮೆಟಾಲಿಕಾ ಇದನ್ನೇ ದುಡ್ಡು ಕೊಟ್ಟು ಮಾಡಿತು. ನ್ಯೂಸ್ಟೆಡ್ ಬಿಟ್ಟ ಹೊತ್ತಿನಲ್ಲಿ ತಂಡದವರ ಜೊತೆ ಕೂತು ಮಾತಾಡಿಸಲು ಫಿಲ್ ಟೌಲ್ ಎಂಬ ಥೆರಪಿಸ್ಟ್ ಅನ್ನು ಇಟ್ಟುಕೊಂಡರು. ತಿಂಗಳಿಗೆ 40,000 ಡಾಲರ್. ಜನ ಆಗ ನಕ್ಕರು. ನಾನು ನಗುವುದಿಲ್ಲ. ಹಾಡಿನ ಮಾತು ಬರೆಯುವುದನ್ನು ಅಲ್ಲಿಯವರೆಗೆ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ ಹೆಟ್‌ಫೀಲ್ಡ್, 2003ರ ಆಲ್ಬಂನಲ್ಲಿ ಮಿಕ್ಕವರಿಗೂ ಬಿಟ್ಟರು. ಹೊಸದಾಗಿ ರಾಬರ್ಟ್ ಟ್ರುಹೀಯೋ ಬಾಸ್‌ಗೆ ಬಂದರು. 2011ರ ಅಕ್ಟೋಬರ್ 30ರಂದು ಅದೇ ನಾಲ್ವರು ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದರು. ಅಂದು ಆ ಮೈದಾನದಲ್ಲಿ ನಿಂತವರೆಲ್ಲರೂ ಕೇಳಿದ್ದು ರಿಪೇರಿಯಾದ ತಂಡವನ್ನು.

ನಿಮಗೆ ಡಾಲರ್ ಬೇಕಾಗಿಲ್ಲ. ಎಲ್ಲರೂ ಗೌರವಿಸುವ ಒಬ್ಬರು ಸಾಕು. ಹಳೆಯ ಮೇಷ್ಟ್ರು, ಹಿರಿಯ ವಾದಕರು, ಯಾರಾದರೂ. ಒಂದೇ ನಿಯಮ: ಅವರು ಯಾರ ಮಾವನೂ ಆಗಿರಬಾರದು, ಯಾರ ಅಣ್ಣನೂ ಆಗಿರಬಾರದು.

ಐದನೆಯ ತಪಾಸಣೆ: ಹೆಸರು ಯಾರದು?

ಪಿಂಕ್ ಫ್ಲಾಯ್ಡ್ ತಂಡದಲ್ಲಿ 'ದಿ ವಾಲ್' ರೆಕಾರ್ಡಿಂಗ್ ಸಮಯಕ್ಕೆ, ಅಂದರೆ 1979ರಲ್ಲಿ, ಬಾಸ್ ನುಡಿಸುತ್ತಿದ್ದ ರೋಜರ್ ವಾಟರ್ಸ್ ಮಾತೇ ನಡೆಯುತ್ತಿತ್ತು. ಕೀಬೋರ್ಡ್‌ನ ರಿಕ್ ರೈಟ್ ಅವರನ್ನು ಹೊರಗೆ ಹಾಕಿ, ಪ್ರವಾಸಕ್ಕೆ ಸಂಬಳದ ಮೇಲೆ ಕರೆದುಕೊಂಡರು. ಆ ಪ್ರವಾಸ ನಷ್ಟದಲ್ಲಿ ನಡೆಯಿತು. ಮೂವರು ಮಾಲೀಕರು ಕಳೆದುಕೊಂಡರು, ಸಂಬಳ ಇದ್ದ ರೈಟ್ ಮಾತ್ರ ದುಡಿದರು. 1985ರಲ್ಲಿ ವಾಟರ್ಸ್ ಹೊರಗೆ ಬಂದರು. ತಾನಿಲ್ಲದೆ ತಂಡ ಇಲ್ಲ ಎಂದು ನಂಬಿದ್ದರು. ತಂಡದಲ್ಲಿ ಉಳಿದಿದ್ದ ಗಿಟಾರ್‌ನ ಡೇವಿಡ್ ಗಿಲ್ಮೋರ್ ಮತ್ತು ಡ್ರಮ್ಸ್‌ನ ನಿಕ್ ಮೇಸನ್ ಹಾಗೆ ಅಂದುಕೊಳ್ಳಲಿಲ್ಲ. 1986ರಲ್ಲಿ ಹೆಸರಿಗಾಗಿ ಕೋರ್ಟು. 1987ರ ಡಿಸೆಂಬರ್‌ನಲ್ಲಿ, ಗಿಲ್ಮೋರ್ ಅವರ ದೋಣಿಮನೆಯಲ್ಲಿ ಕೂತು ಒಪ್ಪಂದ ಆಯಿತು. ಹೆಸರು ಅವರಿಬ್ಬರಿಗೆ. 'ದಿ ವಾಲ್' ಪ್ರದರ್ಶನದ ಹಕ್ಕು ವಾಟರ್ಸ್‌ಗೆ.

2002ರಲ್ಲಿ ವಾಟರ್ಸ್ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಆ ಹಾಡುಗಳನ್ನು ನುಡಿಸಿದಾಗ ಟಿಕೆಟ್ ಮೇಲೆ ಇದ್ದದ್ದು ಅವರೊಬ್ಬರ ಹೆಸರು. ಪಾಲುಪಟ್ಟಿ ಹಾಗಿತ್ತು.

ನಿಮ್ಮ ತಂಡದ ಹೆಸರು ಯಾರದು? ಒಬ್ಬರು ಬಿಟ್ಟು ಹೋದರೆ ಹೆಸರು ಯಾರ ಹತ್ತಿರ ಉಳಿಯುತ್ತದೆ? ಇಬ್ಬರು ಹೋದರೆ? ಯೂಟ್ಯೂಬ್ ಚಾನೆಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಇವತ್ತು ಸಂಜೆಯೇ ಕೇಳಿ, ಬರೆದಿಡಿ.

ವಿಶೇಷ ಸಂದರ್ಭ: ಅಣ್ಣ ತಮ್ಮಂದಿರು

ಹುಟ್ಟುತ್ತಾ ಅಣ್ಣ ತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ಇದೆಯಲ್ಲ. ಇಂಗ್ಲೆಂಡಿನ ಓಯಸಿಸ್ ತಂಡದ ಅಣ್ಣ ನೋಯಲ್ ಮತ್ತು ತಮ್ಮ ಲಿಯಂ ಗ್ಯಾಲಘರ್ 2009ರ ಆಗಸ್ಟ್ 28ರಂದು ಪ್ಯಾರಿಸ್‌ನಲ್ಲಿ ವೇದಿಕೆ ಹತ್ತುವ ಮೊದಲೇ ಬೇರೆಯಾದರು. ಮತ್ತೆ ಒಟ್ಟಿಗೆ ನಿಂತಿದ್ದು 2025ರ ಜುಲೈ 4ರಂದು, ಕಾರ್ಡಿಫ್‌ನಲ್ಲಿ. ಅಮೆರಿಕದ ಹಾಡುಗಾರ ಜೋಡಿ ಎವರ್ಲಿ ಸಹೋದರರು 1973ರಲ್ಲಿ ವೇದಿಕೆಯ ಮೇಲೇ ಬೇರೆಯಾಗಿ, ಹತ್ತು ವರ್ಷದ ನಂತರ ಮತ್ತೆ ಹಾಡಿದರು. ಇಲ್ಲಿ ಬೇಕಾದದ್ದು ಕಾಲ. ಆದರೆ ಎಲ್ಲರಿಗೂ ಕಾಲ ಸಿಗುವುದಿಲ್ಲ. ಟಾಮ್ ಫೋಗರ್ಟಿ 1990ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ತಮ್ಮನ ಜೊತೆ ಮನಸ್ಸು ಸರಿಹೋಗಿರಲಿಲ್ಲ.

ಮಾಡಬಾರದ ರಿಪೇರಿಗಳು

ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು. ದಿ ಪೊಲೀಸ್ ತಂಡ 'ಸಿಂಕ್ರೊನಿಸಿಟಿ' ಆಲ್ಬಂ ಮಾಡಲು ಮಾಂಟ್‌ಸೆರಾಟ್ ದ್ವೀಪಕ್ಕೆ ಹೋದಾಗ ಮೂವರೂ ಮೂರು ಕೋಣೆಯಲ್ಲಿ ನುಡಿಸಿದರು. ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲೆಂಡ್ ಇದ್ದದ್ದು ಊಟದ ಕೋಣೆಯಲ್ಲಿ. ಸೌಂಡ್ ಚೆನ್ನಾಗಿ ಬರುತ್ತದೆ ಎಂಬುದೂ ಒಂದು ಕಾರಣ ಆಗಿತ್ತು. 1983ರ ಆ ಆಲ್ಬಂ ಅವರ ಅತಿದೊಡ್ಡ ಗೆಲುವು, ಅವರ ಕೊನೆಯ ಆಲ್ಬಂ ಕೂಡ. ಗೋಡೆ ಇಟ್ಟರೆ ಒಂದು ಆಲ್ಬಂ ಮುಗಿಯುತ್ತದೆ. ದೋಷ ಹಾಗೇ ಇರುತ್ತದೆ.

ಇನ್ನೊಂದು, ವೇದಿಕೆಯ ಮೇಲೆ ಲೆಕ್ಕ ತೀರಿಸುವುದು. 1980ರ ಜುಲೈ 31ರಂದು ಲಾಂಗ್ ಬೀಚ್‌ನಲ್ಲಿ ಈಗಲ್ಸ್ ತಂಡದ ಗ್ಲೆನ್ ಫ್ರೈ ಮತ್ತು ಡಾನ್ ಫೆಲ್ಡರ್, ಇನ್ನೆಷ್ಟು ಹಾಡು ಮುಗಿದ ಮೇಲೆ ಹೊಡೆದಾಡುವುದು ಎಂದು ಹಾಡುಗಳ ನಡುವೆ ಒಬ್ಬರಿಗೊಬ್ಬರು ಎಣಿಸಿ ಹೇಳುತ್ತಿದ್ದರು. ತಂಡ ಅಲ್ಲಿಗೆ ನಿಂತಿತು. 1994ರಲ್ಲಿ ಮತ್ತೆ ಸೇರಿದರು. ಆದರೆ ಪಾಲಿನ ಲೆಕ್ಕ ಸಮ ಇರಲಿಲ್ಲ. 2001ರಲ್ಲಿ ಫೆಲ್ಡರ್ ಅವರನ್ನು ತೆಗೆದುಹಾಕಿದರು, ಮತ್ತೆ ಕೋರ್ಟು. ಎರಡನೆಯ ತಪಾಸಣೆ ಬಿಟ್ಟು ಮುಂದೆ ಹೋದರೆ ಹೀಗಾಗುತ್ತದೆ.

ಎಲ್ಲ ಸರಿ ಇದ್ದೂ ಮುಗಿದರೆ

ದಣಿವು ಇಲ್ಲ, ಲೆಕ್ಕ ಸರಿ ಇದೆ, ಜಾಗ ಇದೆ, ಹೆಸರಿನ ತಕರಾರಿಲ್ಲ. ಆದರೂ ಸಾಕು ಅನ್ನಿಸಬಹುದು. ಅದು ದೋಷವಲ್ಲ. ಆರ್‌ಇಎಂ ಡ್ರಮ್ಮರ್ ಬಿಲ್ ಬೆರ್ರಿ 1997ರಲ್ಲಿ ಸಂಗೀತದ ಓಟವೇ ಬೇಡ ಎಂದು ಹೊರಟಾಗ ಗೆಳೆತನದಲ್ಲೇ ಹೊರಟರು. 2011ರಲ್ಲಿ ಉಳಿದ ಮೂವರೂ ಜಗಳ ಇಲ್ಲದೆ ತಂಡ ಮುಗಿಸಿದರು. ಅಂಥ ತಂಡವನ್ನು ಎಳೆದು ತಂದು ರಿಪೇರಿ ಮಾಡಲು ಹೋಗಬೇಡಿ.

ರಿಪೇರಿ ಆದ ಮೇಲಿನ ಪರೀಕ್ಷೆ

ನೇರವಾಗಿ ದೊಡ್ಡ ಗಿಗ್ ಒಪ್ಪಿಕೊಳ್ಳಬೇಡಿ. ಜ್ಯಾಮ್ ರೂಮ್ ಎರಡು ಗಂಟೆಗೆ ಹಿಡಿಯಿರಿ. ನಿಮ್ಮ ಸ್ವಂತ ಹಾಡು ಬೇಡ. ನಾಲ್ವರಲ್ಲಿ ಯಾರದೂ ಅಲ್ಲದ, ಶುರುವಿನ ದಿನಗಳಲ್ಲಿ ಎಲ್ಲರೂ ಸೇರಿ ಕಲಿತ ಒಂದು ಹಳೆಯ ಹಾಡು ನುಡಿಸಿ. 1969ರ ಆ ಜನವರಿಯಲ್ಲಿ ಬೀಟಲ್ಸ್ ಕೂಡ ಮಧ್ಯೆ ಮಧ್ಯೆ ಹಳೆಯ ರಾಕ್ ಅಂಡ್ ರೋಲ್ ಹಾಡುಗಳಿಗೆ ಹೋಗುತ್ತಿದ್ದರು. ಆಗ ಅವರ ಮುಖದಲ್ಲಿ ನಗು ಕಾಣುತ್ತದೆ.

ಆಮೇಲೆ ಒಂದು ಸಣ್ಣ ಗಿಗ್. ಸೌಂಡ್‌ಚೆಕ್‌ನಲ್ಲಿ ಸೌಂಡ್‌ನವರು "ಮಾನಿಟರ್‌ನಲ್ಲಿ ಏನು ಬೇಕು?" ಎಂದು ಕೇಳುತ್ತಾರೆ. ನಾನು ಇಷ್ಟು ವರ್ಷದಲ್ಲಿ ಕಾಯುತ್ತಾ ನಿಲ್ಲುವುದು ಆ ಒಂದು ಉತ್ತರಕ್ಕೆ. ಹಾಡುವವನು ಮೈಕ್ ಹಿಡಿದು ಪಕ್ಕಕ್ಕೆ ತಿರುಗಿ ನೋಡಿ, "ಇವನ ಬಾಸ್ ನನಗೆ ಸ್ವಲ್ಪ ಜಾಸ್ತಿ ಕೊಡಿ" ಎಂದರೆ, ನಾನು ಫೇಡರ್ ಏರಿಸುತ್ತೇನೆ.